ಹೆಂಗಸರ ಬ್ಯಾರಕ್ಕು ಮತ್ತು ಒಂದು ಷರಾ

ನಮ್ಮ ಹುಬ್ಬಳ್ಳಿಯ ಓಣಿಯಲ್ಲಿ ನಾಗಪುರವೆಂದರೆ ಕಿತ್ತಳೆ ಹಣ್ಣಿನ ಊರಾಗಿರಲಿಲ್ಲ, ಜೈಲಾಗಿತ್ತು. "ಮ್ಯಾಲಿನ ಮನಿ ಕಾಕಾ ನಾಗಪುರಕ್ಕ ಹೋಗಿ ಬಂದಾಂವ" ಎಂದು ಅಜ್ಜಿ ಹೇಳಿದಳೆಂದರೆ, ಆ ಕಾಕಾ 1923ರಲ್ಲಿ ಡಾ. ನಾ.ಸು. ಹರ್ಡೀಕರರ ಹುಡುಗರ ಜೊತೆ ಝಂಡಾ ಸತ್ಯಾಗ್ರಹಕ್ಕೆ ಹೋಗಿದ್ದ, ಸೆರೆಮನೆ ಕಂಡಿದ್ದ, ಮಾಫಿ ಬರೆದುಕೊಡದೆ ಶಿಕ್ಷೆ ಮುಗಿಸಿ ಬಂದಿದ್ದ ಎಂದು ತಿಳಿದುಕೊಳ್ಳಬೇಕು. 1978ರಲ್ಲಿ ಮದುವೆಯಾಗಿ ನಾನು ನಾಗಪುರದ ರೈಲು ಹತ್ತಿದಾಗ ಎಲ್ಲರೂ ಕಣ್ಣೊರೆಸಿಕೊಂಡರು, ಅಜ್ಜಿ ಮಾತ್ರ ನಕ್ಕಳು. "ಹೋಗಿ ಬಾರವ್ವಾ. ಮಾಫಿ ಅಷ್ಟ ಕೇಳಬ್ಯಾಡ."

ಗಂಡ ರೈಲ್ವೆಯವರು. ಮನೆ ಅಜನಿಯಲ್ಲಿ. ವರ್ಧಾ ರಸ್ತೆಯಲ್ಲಿ ಸಂಜೆ ಅಡ್ಡಾಡಲು ಹೊರಟರೆ ಒಂದು ಮಗ್ಗುಲಿಗೆ ಜೈಲಿನ ಗೋಡೆ ಸಾಗುತ್ತಿತ್ತು, ಸಾಗುತ್ತಲೇ ಇತ್ತು. ಬೀದಿಯಲ್ಲಿ ನಡೆಯುವವರು ಯಾರೂ ಅದರತ್ತ ಕತ್ತು ಹೊರಳಿಸುತ್ತಿರಲಿಲ್ಲ. ಗೋಡೆಯ ಆಚೆ ಹೆಂಗಸರೂ ಇದ್ದಾರೆಂಬುದು ನನಗೆ ಗೊತ್ತಾದದ್ದು ಮೂರು ವರ್ಷದ ಮೇಲೆ, ಕರಿಕೋಟು ಹಾಕಿಕೊಂಡು ಜಿಲ್ಲಾ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ.

ಕನ್ನಡದಲ್ಲಿ 'ಮರೆ' ಎಂಬ ಪದಕ್ಕೆ ಎರಡು ಅರ್ಥ. ಕಣ್ಣಿಗೆ ಬೀಳದಂತೆ ಅಡ್ಡ ಹಿಡಿಯುವುದು ಒಂದು, ನೆನಪಿನಿಂದ ಜಾರಿಬಿಡುವುದು ಇನ್ನೊಂದು. ನಮ್ಮ ಜೈಲುಗಳಲ್ಲಿ ಹೆಂಗಸರ ಚರಿತ್ರೆ ಮೊದಲನೆಯ ಅರ್ಥದಿಂದ ಶುರುವಾಗಿ ಎರಡನೆಯದಕ್ಕೆ ಬಂದು ನಿಂತಿದೆ.

ಭೋಸಲೆಯರ ನಾಗಪುರವನ್ನು ಡಾಲ್‌ಹೌಸಿ ನುಂಗಿದ್ದು 1854ರಲ್ಲಿ. 1861ರಲ್ಲಿ ಮಧ್ಯ ಪ್ರಾಂತ್ಯವೆಂಬ ಹೊಸ ಪ್ರಾಂತ್ಯ ಹುಟ್ಟಿ ನಾಗಪುರ ಅದರ ರಾಜಧಾನಿಯಾಯಿತು. ರಾಜಧಾನಿ ಎಂದ ಮೇಲೆ ಕಚೇರಿ ಬೇಕು, ಕೋರ್ಟು ಬೇಕು, ಜೈಲು ಬೇಕು. ಸೆಂಟ್ರಲ್ ಜೈಲು ಕಟ್ಟಿದ್ದು 1864ರಲ್ಲಿ. ಊರಿಗೆ ಮುಂಬಯಿಯ ರೈಲು ಬಂದದ್ದು ಅದಕ್ಕೂ ಮೂರು ವರ್ಷ ಆಮೇಲೆ. ಅಂದರೆ ಹೊಸ ಸರಕಾರಕ್ಕೆ ರೈಲಿಗಿಂತ ಮೊದಲು ಜೈಲು ಬೇಕಾಗಿತ್ತು.

ಜೈಲು ಕಟ್ಟಿದವರ ತಲೆಯಲ್ಲಿದ್ದ ಕೈದಿ ಗಂಡಸು. ಠಕ್ಕ, ದರೋಡೆಕೋರ, ಬಂಡಾಯಗಾರ. ಹೆಂಗಸು ಲೆಕ್ಕದಲ್ಲಿ ಬೆರಳೆಣಿಕೆಯವಳು. ಅವಳಿಗೆಂದು ಬೇರೆ ಜೈಲು ಕಟ್ಟುವ ಖರ್ಚು ಯಾರಿಗೆ ಬೇಕು? ಗಂಡಸರ ಜೈಲಿನಲ್ಲೇ ಒಂದು ಮೂಲೆ ಹಿಡಿದು, ಅದಕ್ಕೊಂದು ಒಳಗೋಡೆ ಎಬ್ಬಿಸಿದರೆ ಕೆಲಸ ಮುಗಿಯಿತು. 1894ರ ಕಾರಾಗೃಹ ಕಾಯ್ದೆ ಬಂದಾಗ ಇದೇ ಏರ್ಪಾಡು ಕಾನೂನಾಯಿತು. ಅದರ 27ನೆಯ ಕಲಮಿನ ಪ್ರಕಾರ ಹೆಂಗಸರನ್ನು ಬೇರೆ ಕಟ್ಟಡದಲ್ಲಿ ಅಥವಾ ಅದೇ ಕಟ್ಟಡದ ಬೇರೆ ಭಾಗದಲ್ಲಿ ಇಡಬೇಕು, ಅವರು ಗಂಡಸು ಕೈದಿಗಳನ್ನು ನೋಡಬಾರದು, ಮಾತಾಡಬಾರದು. ಅದೇ ಕಾಯ್ದೆ ಹೆಂಗಸರಿಗೆ ಕೈಕೋಳ, ಕಾಲುಬೇಡಿ, ಛಡಿಯೇಟು ಕೂಡದೆಂದಿತು. ಅವರ ಜಡತಿಯನ್ನು ಮೇಟ್ರನ್ ಎಂಬ ಹೆಂಗಸೇ ತೆಗೆದುಕೊಳ್ಳಬೇಕೆಂದಿತು. ಅಲ್ಲಿಗೆ ಹೆಂಗಸರ ವಿಷಯ ಹೆಚ್ಚುಕಡಿಮೆ ಮುಗಿದೇಹೋಯಿತು.

ಓದಲು ಇದು ಮರ್ಯಾದೆಯ ಏರ್ಪಾಡೇ. ಆದರೆ ಗಂಡಸು ಕೈದಿಗಳ ಕಣ್ಣಿಗೆ ಅಡ್ಡ ಹಿಡಿದ ಗೋಡೆ ಮೇಲಿನವರ ಕಣ್ಣಿಗೂ ಅಡ್ಡ ಬಂತು. ತಪಾಸಣೆಗೆ ಬಂದ ಸಾಹೇಬ ಗಂಡಸರ ಬ್ಯಾರಕ್ಕು, ಕಾರಖಾನೆ, ಅಡುಗೆಮನೆ ಎಲ್ಲ ಸುತ್ತುತ್ತಾನೆ. ಹೆಂಗಸರ ಬಾಗಿಲಿನ ಮುಂದೆ ನಿಂತು, ಎಲ್ಲ ಸರಿಯಿದೆಯೇ ಎಂದು ಮೇಟ್ರನ್‌ಳನ್ನು ಕೇಳಿ, ಸಭ್ಯಸ್ಥನಂತೆ ಮುಂದೆ ಹೋಗುತ್ತಾನೆ. ಆ ಸಭ್ಯತೆಯನ್ನು ನಾನು ನೂರು ವರ್ಷದ ಮೇಲೂ ಕಂಡಿದ್ದೇನೆ.

ಆ ಕಾಲದಲ್ಲಿ ಒಳಗಿದ್ದವರು ಯಾರು? ಸಣ್ಣ ಕಳವಿನವರು, ಗಂಡನಿಗೆ ವಿಷವಿಟ್ಟಳೆಂಬ ಆರೋಪದವರು, ಹುಟ್ಟಿದ ಕೂಸನ್ನು ಕೊಂದ ವಿಧವೆಯರು. 1881ರಲ್ಲಿ ಸೂರತ್ತಿನ ಕಡೆಯ ವಿಜಯಲಕ್ಷ್ಮಿ ಎಂಬ ಬ್ರಾಹ್ಮಣ ವಿಧವೆಗೆ ಶಿಶುಹತ್ಯೆಗಾಗಿ ಗಲ್ಲಿನ ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಶಿಕ್ಷೆ ಇಳಿಯಿತಾದರೂ ಪತ್ರಿಕೆಗಳು ಹೆಂಗಸರ ನಡತೆಯನ್ನು ಹಿಡಿದು ಜಾಡಿಸಿದವು. ಅದನ್ನು ಓದಿ ಕೆರಳಿದವಳು ನಮ್ಮ ವಿದರ್ಭದವಳೇ, ಬುಲ್ಢಾಣಾದ ತಾರಾಬಾಯಿ ಶಿಂದೆ. 1882ರಲ್ಲಿ ಅವಳು ಅಚ್ಚು ಹಾಕಿಸಿದ 'ಸ್ತ್ರೀ ಪುರುಷ ತುಲನಾ' ಮರಾಠಿಯ ಕೆಂಡದಂಥ ಪುಸ್ತಕ. ಕೂಸು ಸತ್ತದ್ದಕ್ಕೆ ತಾಯಿ ಒಬ್ಬಳೇ ಕಟಕಟೆಯಲ್ಲಿ ಏಕೆ ನಿಲ್ಲಬೇಕು ಎಂಬುದು ಅವಳ ತಕರಾರಿನ ತಿರುಳು. ಕಟಕಟೆಯವರೆಗೂ ತಾರಾಬಾಯಿಯ ಕಣ್ಣು ಹೋಯಿತು. ಕಟಕಟೆಯಿಂದ ಇಳಿಸಿ ಒಳಗೆ ಒಯ್ದ ಮೇಲೆ ವಿಜಯಲಕ್ಷ್ಮಿಯಂಥವರನ್ನು ಹಿಂಬಾಲಿಸುವ ಕಣ್ಣು ಇರಲಿಲ್ಲ. ಒಳಗೆ ಅವರ ಕೈಗೆ ಸಿಕ್ಕದ್ದು ಬೀಸುವ ಕಲ್ಲು. ಮನೆಯ ಬೀಸುಕಲ್ಲಿಗೆ ಹಾಡಿತ್ತು, ಜೈಲಿನ ಬೀಸುಕಲ್ಲಿಗೆ ದಿನಕ್ಕಿಷ್ಟು ಎಂಬ ತೂಕವಿತ್ತು.

*

ಒಳಗೋಡೆಯ ಆಚೆ ಮೊದಲ ಬಾರಿಗೆ ಬರೆಯಬಲ್ಲ ಕೈ ಹೋದದ್ದು ಬಾವುಟದ ನೆಪದಲ್ಲಿ. 1923ರ ಬೇಸಿಗೆಯಲ್ಲಿ ನಾಗಪುರದ ಸಿವಿಲ್ ಲೈನ್ಸಿಗೆ ಚರಕದ ಬಾವುಟ ಹಿಡಿದು ಹೋಗಬಾರದೆಂದು ಸರಕಾರ ಅಡ್ಡಹಾಕಿತು. ದಿನಕ್ಕೊಂದು ತಂಡ ಬಾವುಟ ಹಿಡಿದು ಹೊರಡುವುದು, ಸೆರೆಯಾಗುವುದು. ಜಮ್ನಾಲಾಲ್ ಬಜಾಜ್ ಸೆರೆಯಾದರು, ಕೊನೆಗೆ ವಲ್ಲಭಭಾಯಿ ಪಟೇಲರು ಬಂದು ಆಗಸ್ಟಿನಲ್ಲಿ ಚಳವಳಿಗೆ ತೆರೆ ಎಳೆದರು. ಸಾವಿರಕ್ಕೂ ಮಿಕ್ಕಿ ಜನ ಒಳಗೆ ಹೋಗಿದ್ದರು. ಕೆಲವರು ಕಷ್ಟ ತಾಳದೆ ಮಾಫಿ ಬರೆದುಕೊಟ್ಟರೂ ಹುಬ್ಬಳ್ಳಿಯ ಸೇವಾಮಂಡಳದವರು ಬಗ್ಗಲಿಲ್ಲ. ಆ ಹೆಸರಿನ ಮೇಲೇ ಅದೇ ವರ್ಷ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ಹಿಂದುಸ್ತಾನಿ ಸೇವಾದಳದ ಮಾತು ಬಂತು. ನಮ್ಮ ಓಣಿಯ ಕಾಕಾನ ಹೆಮ್ಮೆ ಅಲ್ಲಿಂದ ಬಂದದ್ದು.

ಅಜ್ಜಿಯ ಕಥೆಯಲ್ಲಿ ಇಲ್ಲದ ಒಂದು ಹೆಸರು ನನಗೆ ಸಿಕ್ಕಿದ್ದು ಇಲ್ಲಿಗೆ ಬಂದ ಮೇಲೆ. ಅದೇ ಸತ್ಯಾಗ್ರಹದಲ್ಲಿ ನಾಗಪುರದಲ್ಲಿ ಸೆರೆಯಾದ ಮೊದಲ ಹೆಂಗಸು ಸುಭದ್ರಾಕುಮಾರಿ ಚೌಹಾಣ್. 'ಝಾಂಸಿ ಕೀ ರಾನಿ'ಯ ಕವಯಿತ್ರಿ. ಆಗಿನ್ನೂ ಹತ್ತೊಂಬತ್ತರ ಆಸುಪಾಸು. 1942ರಲ್ಲಿ ಮತ್ತೆ ಜೈಲು ಕಂಡರು. ಈಕೆಯ ಸಾವಿಗೂ ನಾಗಪುರದ ನಂಟಿದೆ. 1948ರ ಫೆಬ್ರವರಿಯಲ್ಲಿ ಇಲ್ಲಿಂದ ಜಬಲ್ಪುರಕ್ಕೆ ಹಿಂದಿರುಗುವಾಗ ಸಿವನಿ ಹತ್ತಿರ ಕಾರು ಅಪಘಾತದಲ್ಲಿ ತೀರಿಕೊಂಡರು.

ನಮ್ಮ ಕಡೆಯಿಂದಲೂ ಹೆಂಗಸರು ಜೈಲಿಗೆ ಹೋದರು. ಹರ್ಡೀಕರರ ಸೇವಾದಳದ ಹೆಂಗಸರ ಪಡೆ ಕಟ್ಟಿದ ಉಮಾಬಾಯಿ ಕುಂದಾಪುರ 1932ರಲ್ಲಿ ನಾಲ್ಕು ತಿಂಗಳು ಯರವಡಾದಲ್ಲಿದ್ದರು. ಬೆನ್ನಿಗೆ ನಿಂತಿದ್ದ ಮಾವ ಅದೇ ಸಮಯದಲ್ಲಿ ಹುಬ್ಬಳ್ಳಿಯಲ್ಲಿ ತೀರಿಹೋದರು. ಮೈಸೂರು ಸೀಮೆಯಲ್ಲಿ 1938ರ ಶಿವಪುರ ಧ್ವಜ ಸತ್ಯಾಗ್ರಹ ಬಳ್ಳಾರಿ ಸಿದ್ದಮ್ಮನವರನ್ನು ಜೈಲಿಗೆ ಕಳಿಸಿತು. ಇವರೆಲ್ಲ ಹಾರ ಹಾಕಿಸಿಕೊಂಡು ಒಳಗೆ ಹೋದವರು, ಹಾರ ಹಾಕಿಸಿಕೊಂಡು ಹೊರಗೆ ಬಂದವರು. ಅವರ ಪಕ್ಕದ ಬ್ಯಾರಕ್ಕಿನಲ್ಲಿ ಕಳವಿನವಳು, ಕೂಸಿನ ಕೇಸಿನವಳು ಕೂಡ ಇದ್ದರು. ಅವರಿಗೆ ಬಾಗಿಲಲ್ಲಿ ಕಾಯುವವರಿರಲಿಲ್ಲ. 1930ರ ಹೊತ್ತಿಗೆ ಸರಕಾರ ಕೈದಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಓದಿದವರಿಗೆ, ಉಳ್ಳವರಿಗೆ ಕೊಂಚ ನೆರಳು ಸಿಕ್ಕಿತು. ಉಳಿದವರ ಪಾಲಿಗೆ ಅದೇ ಕಲ್ಲು, ಅದೇ ತೂಕ.

ನಾಗಪುರದ ಹೆಂಗಸರು ಇನ್ನೊಂದು ಕೆಲಸ ಮಾಡಿದರು, ಅದನ್ನು ನಾನು ಇಲ್ಲಿ ದೊಡ್ಡದಾಗಿ ಹೇಳಬೇಕು. 1942ರ ಆಗಸ್ಟಿನಲ್ಲಿ ಚಾಂದಾ ಜಿಲ್ಲೆಯ ಚಿಮೂರಿನಲ್ಲಿ ದಂಗೆಯಾಯಿತು, ಅದನ್ನು ಅಡಗಿಸಲು ಪಡೆ ಬಂತು. ಗಂಡಸರನ್ನು ಹಿಡಿದೊಯ್ದ ಮೇಲೆ ಊರಿನ ಹೆಂಗಸರ ಮೇಲೆ ಅತ್ಯಾಚಾರವಾಯಿತೆಂಬ ಸುದ್ದಿ ಹಬ್ಬಿತು. ನಾಗಪುರದಿಂದ ಹೆಂಗಸರು ಚಿಮೂರಿಗೆ ಹೋಗಿ, ಮನೆ ಮನೆಯಲ್ಲಿ ಕೂತು, ಕೇಳಿ, ಬರೆದುಕೊಂಡು ಬಂದರು. ಸರಕಾರ ವಿಚಾರಣೆ ನಡೆಸಲೆಂದು ಸೇವಾಗ್ರಾಮದ ಭನ್ಸಾಳಿಯವರು 63 ದಿನ ಉಪವಾಸ ಕೂತರು. ಗಲ್ಲಿಗೆ ನಿಂತಿದ್ದ ಚಿಮೂರು–ಆಷ್ಟಿಯ ಕೈದಿಗಳನ್ನು ಉಳಿಸಲು ಬಾಗಿಲಿನಿಂದ ಬಾಗಿಲಿಗೆ ಅಲೆದವರಲ್ಲಿ ಅನಸೂಯಾಬಾಯಿ ಕಾಳೆ ಮುಂಚೂಣಿಯಲ್ಲಿದ್ದರು. ಸ್ವಾತಂತ್ರ್ಯದ ನಂತರ ನಾಗಪುರದ ಲೋಕಸಭಾ ಸದಸ್ಯೆಯಾದವರು ಇವರೇ. ಕಸ್ಟಡಿಯಲ್ಲಿ ಏನಾಯಿತೆಂದು ಹೆಂಗಸರು ಹೆಂಗಸರ ಬಾಯಿಂದ ಕೇಳುವ ಪದ್ಧತಿ ಈ ಊರಿಗೆ ಹೊಸತಲ್ಲ.

*

ಮೂವತ್ತು ವರ್ಷದ ಮೇಲೆ, ಅದೇ ಚಾಂದಾ ಜಿಲ್ಲೆ. 1972ರ ಮಾರ್ಚ್ 26ರ ರಾತ್ರಿ ದೇಸಾಯಿಗಂಜದ ಪೊಲೀಸ್ ಠಾಣೆಯಲ್ಲಿ ಒಬ್ಬ ಆದಿವಾಸಿ ಕೂಲಿ ಹುಡುಗಿಯ ಮೇಲೆ ಅತ್ಯಾಚಾರವಾಯಿತು. ಕಾನೂನಿನ ಪುಸ್ತಕಗಳು ಇದನ್ನು ಮಥುರಾ ಪ್ರಕರಣ ಎನ್ನುತ್ತವೆ. ಸೆಷನ್ಸ್ ಕೋರ್ಟು ಪೇದೆಗಳನ್ನು ಬಿಟ್ಟಿತು. 1976ರಲ್ಲಿ ಮುಂಬಯಿ ಹೈಕೋರ್ಟಿನ ನಾಗಪುರ ಪೀಠ ಆ ತೀರ್ಪನ್ನು ತಿರುವಿಹಾಕಿತು. ಅಧಿಕಾರದ ಎದುರು ದಿಕ್ಕುಗಾಣದೆ ಸುಮ್ಮನಾಗುವುದು ಬೇರೆ, ಒಪ್ಪಿಗೆ ಬೇರೆ ಎಂಬುದು ಅದರ ನಿಲುವು. 1978ರಲ್ಲಿ ಸುಪ್ರೀಂ ಕೋರ್ಟು ಅದನ್ನೂ ಮಗುಚಿ ಪೇದೆಗಳನ್ನು ಮತ್ತೆ ಬಿಟ್ಟಿತು. ನಾನು ಈ ಊರಿಗೆ ಬಂದ ವರ್ಷ ಅದು. ಮರುವರ್ಷ ಉಪೇಂದ್ರ ಬಕ್ಷಿ, ರಘುನಾಥ ಕೇಳ್ಕರ್, ಲೋತಿಕಾ ಸರ್ಕಾರ್, ವಸುಧಾ ಧಾಗಮ್ವಾರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. 1980ರ ಮಾರ್ಚ್ 8ರಂದು ಹಲವು ಊರುಗಳಲ್ಲಿ ಹೆಂಗಸರು ಬೀದಿಗಿಳಿದರು. ನಾಗಪುರದಲ್ಲಿ ನಾನೂ ಆ ಮೆರವಣಿಗೆಯ ಕೊನೆಯ ಸಾಲಿನಲ್ಲಿದ್ದೆ, ಲಾ ಕಾಲೇಜಿನ ಚೀಲ ಹೆಗಲಿಗೆ ಹಾಕಿಕೊಂಡು. 1983ರಲ್ಲಿ ಕಾನೂನು ಬದಲಾಯಿತು. ಪೊಲೀಸರ ವಶದಲ್ಲಿದ್ದಾಗ ಸಂಬಂಧ ನಡೆದದ್ದು ಸಾಬೀತಾಗಿ, ತಾನು ಒಪ್ಪಿರಲಿಲ್ಲವೆಂದು ಅವಳು ಹೇಳಿದರೆ, ಕೋರ್ಟು ಅದನ್ನೇ ನಂಬಿ ಮುಂದೆ ನಡೆಯಬೇಕೆಂದಾಯಿತು.

ಆ ನಡುವೆ ಬಂದದ್ದು ತುರ್ತುಪರಿಸ್ಥಿತಿ. ನಮ್ಮ 'ಸಂಸ್ಕಾರ' ಚಿತ್ರದ ಚಂದ್ರಿ, ಸ್ನೇಹಲತಾ ರೆಡ್ಡಿ, 1976ರ ಮೇ 2ರಂದು ಮೀಸಾ ಕಾಯ್ದೆಯಡಿ ಸೆರೆಯಾಗಿ ಬೆಂಗಳೂರು ಸೆಂಟ್ರಲ್ ಜೈಲಿಗೆ ಹೋದರು. ಉಬ್ಬಸದ ರೋಗಿ. 1977ರ ಜನವರಿ 15ಕ್ಕೆ ಪೆರೋಲಿನ ಮೇಲೆ ಹೊರಗೆ ಬಂದು ಐದೇ ದಿನಕ್ಕೆ ತೀರಿಕೊಂಡರು. ಅವರ ಜೈಲು ದಿನಚರಿ ಅಚ್ಚಾದಾಗ ನಾನು ಹುಬ್ಬಳ್ಳಿಯಲ್ಲಿ ಓದಿದೆ. ತಮ್ಮ ಉಸಿರಿಗೇ ತತ್ವಾರವಾಗಿದ್ದ ಆ ಹೆಂಗಸು ಸುತ್ತಲಿನ ಸಾಮಾನ್ಯ ಕೈದಿ ಹೆಂಗಸರನ್ನು ಜೈಲಿನವರು ಹೇಗೆ ನಡೆಸಿಕೊಳ್ಳುತ್ತಿದ್ದರೆಂಬುದನ್ನೂ ಬರೆದಿಟ್ಟಿದ್ದರು. ಜೈಲು ಇದ್ದ ಜಾಗದಲ್ಲಿ ಇವತ್ತು ಫ್ರೀಡಂ ಪಾರ್ಕ್ ಇದೆ. ಮುಂದೆ ಸುಧಾ ಭಾರದ್ವಾಜ್ ಯರವಡಾದ ಫಾಂಸಿ ಯಾರ್ಡಿನಿಂದ ತಾವು ಕಂಡ ಹೆಂಗಸರ ಬಗ್ಗೆ ಬರೆದು 2023ರಲ್ಲಿ ಪುಸ್ತಕ ಮಾಡಿದಾಗ ನನಗೆ ಸ್ನೇಹಲತಾ ನೆನಪಾದರು. ಬರೆಯಬಲ್ಲವರನ್ನು ಸರಕಾರವೇ ಒಳಗೆ ಹಾಕಿದಾಗ ಮಾತ್ರ ಒಳಗಿನ ಸುದ್ದಿ ಹೊರಗೆ ಬರಬೇಕೆಂದರೆ, ಅದನ್ನು ಮೇಲ್ವಿಚಾರಣೆ ಎನ್ನಲಾಗುತ್ತದೆಯೇ?

ಕೈದಿಯಾಗದೆ ಒಳಗೆ ಹೋಗಿ ಕೇಳಿದವರು ಶೀಲಾ ಬರ್ಸೆ. ಮುಂಬಯಿಯ ಪತ್ರಕರ್ತೆ. 1982ರ ಮೇ ತಿಂಗಳಲ್ಲಿ ಬಾಂಬೆ ಸೆಂಟ್ರಲ್ ಜೈಲಿನ 15 ಹೆಂಗಸರನ್ನು ಮಾತಾಡಿಸಿದರು. ಐವರು, ಪೊಲೀಸ್ ಲಾಕಪ್ಪಿನಲ್ಲಿ ತಮಗೆ ಹೊಡೆದರು ಎಂದರು. ಶೀಲಾ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. 1983ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಭಗವತಿಯವರ ಪೀಠ ಕೊಟ್ಟ ತೀರ್ಪು ನಮ್ಮಂಥ ಕಿರಿಯ ವಕೀಲರಿಗೆ ಬಾಯಿಪಾಠವಾಗಿತ್ತು. ಹೆಂಗಸರಿಗೆಂದೇ ಒಳ್ಳೆಯ ಜಾಗದಲ್ಲಿ ನಾಲ್ಕೈದು ಲಾಕಪ್ಪು, ಹೆಣ್ಣು ಪೇದೆಗಳ ಕಾವಲು, ಹೆಣ್ಣು ಪೊಲೀಸರ ಎದುರಿನಲ್ಲೇ ವಿಚಾರಣೆ, ಬಂಧಿತರ ಪಟ್ಟಿ ಕಾನೂನು ನೆರವಿನವರಿಗೆ, ಸೆಷನ್ಸ್ ನ್ಯಾಯಾಧೀಶರ, ಸಾಧ್ಯವಾದರೆ ಹೆಣ್ಣು ನ್ಯಾಯಾಧೀಶರ, ಹೇಳದೆ ಕೇಳದೆ ಬರುವ ಭೇಟಿ. ಬಂಧಿತರ ಹಕ್ಕುಗಳನ್ನು ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಬರೆದು ಪ್ರತಿ ಕೋಣೆಯಲ್ಲಿ ಅಂಟಿಸಬೇಕೆಂಬುದೂ ಅದರಲ್ಲಿತ್ತು. ಈ ಮೂರು ಭಾಷೆಯ ಹಾಳೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಶೀಲಾ ಅಲ್ಲಿಗೇ ಬಿಟ್ಟಿದ್ದರೆ ಎಲ್ಲರಿಗೂ ಬೇಕಾದವರಾಗಿರುತ್ತಿದ್ದರು. ಅವರಿಗೆ ಮತ್ತೆ ಮತ್ತೆ ಹೋಗಬೇಕಿತ್ತು, ಟೇಪ್ ರೆಕಾರ್ಡರ್ ಹಿಡಿದು ಹೋಗಬೇಕಿತ್ತು. ಕೊಟ್ಟಿದ್ದ ಅನುಮತಿಯನ್ನು ಜೈಲಿನ ಅಧಿಕಾರಿಗಳು ಹಿಂತೆಗೆದುಕೊಂಡರು. ಆ ವ್ಯಾಜ್ಯ 1987ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದಾಗ, ಸಂದರ್ಶನಕ್ಕೆ ಅವಕಾಶವಿದ್ದರೂ ಅಂಕೆಯಿಲ್ಲದ ಪ್ರವೇಶ ಯಾರಿಗೂ ಇಲ್ಲ ಎಂದಾಯಿತು. ಅದೇ ವರ್ಷ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಸಮಿತಿ ಮಹಿಳಾ ಕೈದಿಗಳ ಬಗ್ಗೆ ದಪ್ಪ ವರದಿ ಕೊಟ್ಟಿತು. ಮೊದಲ ಭೇಟಿಗೆ ಎಲ್ಲ ಬಾಗಿಲೂ ತೆರೆಯುತ್ತವೆ, ಎರಡನೆಯದಕ್ಕೆ ಹೋದಾಗ ಕೀಲಿ ಸಿಗುವುದಿಲ್ಲ. ಇದು ನನಗೆ ಮುಂದೆ ಸ್ವಂತ ಅನುಭವದಿಂದ ತಿಳಿದ ಮಾತು.

*

1993ರ ಜೂನ್. ನಾಗಪುರ. ದರೋಡೆಯ ಸಂಶಯದ ಮೇಲೆ ಪೊಲೀಸರು ರಾತ್ರಿ ಒಬ್ಬ ಯುವಕನನ್ನು ಎತ್ತಿಕೊಂಡು ಹೋದರು, ಹೊಡೆತಕ್ಕೆ ಅವನು ಸತ್ತ. ಅವನ ಹೆಂಡತಿಯನ್ನೂ ಆ ರಾತ್ರಿ ಹಿಡಿದು ಕಾಡಿದರೆಂಬ ದೂರು ಬಂತು. ಕ್ರೈಸ್ತ ಸಮುದಾಯದ ಒಂದು ಕಲ್ಯಾಣ ಸಂಸ್ಥೆ ಹೈಕೋರ್ಟಿನ ನಾಗಪುರ ಪೀಠಕ್ಕೆ ಹೋಯಿತು. 1995ರಲ್ಲಿ ಪೀಠ ಕೊಟ್ಟ ಆದೇಶದಲ್ಲಿ ಒಂದು ಸಾಲು: ಹೆಣ್ಣು ಪೇದೆಯಿಲ್ಲದೆ ಯಾವ ಹೆಂಗಸನ್ನೂ ಬಂಧಿಸಕೂಡದು, ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಬಂಧಿಸಲೇಕೂಡದು. 2003ರಲ್ಲಿ ಸುಪ್ರೀಂ ಕೋರ್ಟು ಅದನ್ನು ಸಡಿಲಿಸಿ, ಕಾರಣ ಬರೆದಿಟ್ಟು ಬಂಧಿಸಬಹುದೆಂದಿತು. 2005ರಲ್ಲಿ ಸಂಸತ್ತು ದಂಡ ಪ್ರಕ್ರಿಯಾ ಸಂಹಿತೆಗೆ ತಿದ್ದುಪಡಿ ತಂದು, ರಾತ್ರಿ ಬಂಧಿಸಲೇಬೇಕಾದರೆ ಹೆಣ್ಣು ಅಧಿಕಾರಿ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕೆಂದಿತು. ಇವತ್ತಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಆ ನಿಯಮ ಉಳಿದಿದೆ. ಬೀದರಿನಲ್ಲೋ ಭಟ್ಕಳದಲ್ಲೋ ಒಬ್ಬ ಹೆಂಗಸನ್ನು ಸಂಜೆ ಆರರ ಮೇಲೆ ಠಾಣೆಗೆ ಎಳೆಯಲು ಪೊಲೀಸರು ಹಿಂದೆಮುಂದೆ ನೋಡುತ್ತಾರಲ್ಲ, ಆ ಅಳುಕಿನ ಬೇರು ನಾಗಪುರದ ಆ ಒಂದು ರಾತ್ರಿಯಲ್ಲೂ ಇದೆ. ಯುವಕನನ್ನು ಹೊಡೆದ ಪೊಲೀಸರ ಶಿಕ್ಷೆ ಸುಪ್ರೀಂ ಕೋರ್ಟಿನಲ್ಲಿ ಮೂರು ವರ್ಷದಿಂದ ಏಳಕ್ಕೆ ಏರಿದ್ದು 2018ರಲ್ಲಿ. ಅವನ ಹೆಂಡತಿ ಕಾದದ್ದು ಇಪ್ಪತ್ತೈದು ವರ್ಷ.

ಠಾಣೆಯ ಬಗ್ಗೆ ಇಷ್ಟಾದರೂ ಆಯಿತು. ಜೈಲಿನ ಒಳಗೋಡೆ?

ಕಾನೂನು ನೆರವಿನ ವಕೀಲೆಯಾಗಿ ನಾನು ವಿದರ್ಭದ ಕೆಲವು ಜೈಲುಗಳಿಗೆ ಹೋಗುತ್ತಿದ್ದೆ. ಅದರಲ್ಲೊಂದು ಜಿಲ್ಲಾ ಜೈಲು, ಊರಿನ ಹೆಸರು ಬೇಡ. ಒಂದು ದಿನ ಅಲ್ಲಿನ ಮೇಟ್ರನ್ ಫೋನು ಮಾಡಿ, ಒಬ್ಬಳ ಮಾತು ಯಾರಿಗೂ ತಿಳಿಯುವುದಿಲ್ಲ, ತೆಲುಗೋ ಕನ್ನಡವೋ ನೋಡಿ ಹೋಗಿ ಬಾಯಿ ಎಂದಳು. ಹೋದೆ. ಬ್ಯಾರಕ್ಕಿನ ಗೋಡೆಗೆ ಬಂಧಿತರ ಹಕ್ಕುಗಳ ಹಾಳೆ ಅಂಟಿಸಿತ್ತು. ಮರಾಠಿ, ಹಿಂದಿ, ಇಂಗ್ಲಿಷ್. ಅದರ ಕೆಳಗೆ ಮೊಣಕಾಲು ಮಡಚಿ ಕೂತಿದ್ದವಳು ಇಂಡಿ ತಾಲ್ಲೂಕಿನವಳು, ರಸ್ತೆ ಕೆಲಸಕ್ಕೆ ಬಂದವಳು. ಕಳವಿನ ಕೇಸು. ಜೊತೆಗೆ ನಾಲ್ಕು ವರ್ಷದ ಮಗಳು.

"ಯಾವ ಊರವ್ವಾ ನಿಂದು?" ಎಂದೆ. ಅವಳು ತಲೆಯೆತ್ತಿದಳು. ಅಳಲಿಲ್ಲ. ಸ್ವಲ್ಪ ಹೊತ್ತು ನನ್ನ ಬಾಯನ್ನೇ ನೋಡಿದಳು.

"ಇನ್ನೊಮ್ಮಿ ಮಾತಾಡ್ರಿ ಅಕ್ಕಾರ," ಎಂದಳು.

ಕಾಗದ ನೋಡಿದೆ. ಬಂದು ಏಳು ತಿಂಗಳಾಗಿತ್ತು. ನಾಲ್ಕು ತಿಂಗಳ ಹಿಂದೆಯೇ ಕೋರ್ಟು ಜಾಮೀನು ಕೊಟ್ಟಿತ್ತು, ಸ್ಥಳೀಯ ಜಾಮೀನುದಾರ ಬೇಕೆಂಬ ಷರತ್ತಿನೊಡನೆ.

"ಜಾಮೀನು ಆಗ್ಯದ, ಗೊತ್ತದನ?"

"ಯಾರದ್ರೀ?" ಎಂದು ಕೇಳಿದಳು.

ನಲವತ್ತು ವರ್ಷದ ವಕೀಲಿಯಲ್ಲಿ ಆ ಪ್ರಶ್ನೆಗೆ ಸಮನಾದ ವಾದವನ್ನು ನಾನು ಯಾವ ಕೋರ್ಟಿನಲ್ಲೂ ಕೇಳಿಲ್ಲ. ಅವಳಿಗೆ ಹೊಡೆದವರಿಲ್ಲ, ಉಪವಾಸ ಕೆಡವಿದವರಿಲ್ಲ. ಕಾನೂನು ಹೇಳಿದ ಹಾಳೆ ಗೋಡೆಯ ಮೇಲೇ ಇತ್ತು. ಓದಿ ಹೇಳುವ ಬಾಯಿ ಇರಲಿಲ್ಲ, ಅಷ್ಟೆ. ಹೆಂಗಸು ಜೈಲಿಗೆ ಬಂದರೆ ಗಂಡನ ಮನೆಯೂ ತವರೂ ಕೈಬಿಡುವುದು ಹೆಚ್ಚು. ಗಂಡಸಿಗೆ ಮುಲಾಖಾತಿಗೆ ಹೆಂಡತಿ ಬರುತ್ತಾಳೆ, ತಾಯಿ ಬರುತ್ತಾಳೆ, ಡಬ್ಬಿ ತರುತ್ತಾರೆ. ಹೆಂಗಸಿನ ಮುಲಾಖಾತಿಯ ಕಿಟಕಿ ಖಾಲಿ. ಹೀಗಾಗಿ ಜಾಮೀನು ಸಿಕ್ಕರೂ ಜಾಮೀನುದಾರ ಸಿಗುವುದಿಲ್ಲ. ಕೋರ್ಟಿಗೆ ಅರ್ಜಿ ಹಾಕಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿಸಲು ಹದಿನೈದು ದಿನ ಹಿಡಿಯಿತು. ಆ ದಿನಗಳಲ್ಲಿ ನಾನು ಹೋದಾಗಲೆಲ್ಲ ಮಗು ಹುಣಸೆಬೀಜಗಳನ್ನು ಸಾಲಾಗಿ ಕೂರಿಸಿ ಏಕ್, ದೋನ್, ತೀನ್ ಎಂದು ಎಣಿಸುತ್ತಿತ್ತು. ಏನಾಟವೆಂದು ಕೇಳಿದರೆ, "ಗಿಂತಿ" ಎಂದಿತು. ಬೆಳಗ್ಗೆ, ಸಂಜೆ ತಲೆ ಎಣಿಸುವುದಕ್ಕೆ ಜೈಲಿನಲ್ಲಿ ಗಿಂತಿ ಎನ್ನುತ್ತಾರೆ.

ಹೊರಡುವಾಗ ಸಂದರ್ಶಕರ ಪುಸ್ತಕ ಕೇಳಿದೆ. ಜೈಲಿಗೆ ಸಂದರ್ಶಕರನ್ನು ನೇಮಿಸುವ ಅಧಿಕಾರವೂ 1894ರ ಕಾಯ್ದೆಯಲ್ಲೇ ಇದೆ. ಜಿಲ್ಲಾ ನ್ಯಾಯಾಧೀಶರು, ಕಲೆಕ್ಟರು, ಅವರ ಜೊತೆ ಊರಿನ ಕೆಲವು ನಾಗರಿಕರು. ಬಂದವರು ಪುಸ್ತಕದಲ್ಲಿ ಷರಾ ಬರೆಯಬೇಕು. ನಾನು ಮಂಡಳಿಯ ಸದಸ್ಯೆಯಲ್ಲ, ಆದರೂ ಸೂಪರಿಂಟೆಂಡೆಂಟರು ಒಳ್ಳೆಯವರು, ಪುಸ್ತಕ ಕೊಟ್ಟರು. ಹಿಂದಿನ ಹಾಳೆಗಳಲ್ಲಿ ಒಂದೇ ಮಾತು ಬೇರೆಬೇರೆ ಕೈಬರಹದಲ್ಲಿತ್ತು: ಸ್ವಚ್ಛತೆ ಸಮಾಧಾನಕರ, ಊಟ ಸಮಾಧಾನಕರ, ಕೈದಿಗಳ ದೂರಿಲ್ಲ. ನಾನು ನಾಲ್ಕು ಬರೆದೆ. ಗೋಡೆಯ ಹಾಳೆಯನ್ನು ತಿಂಗಳಿಗೊಮ್ಮೆ ಓದಿ ಹೇಳಬೇಕು. ಹತ್ತೊಂಬತ್ತು ಹೆಂಗಸರಿಗೆ ಎರಡೇ ಬಕೀಟು, ಇನ್ನೆರಡು ಬೇಕು. ರಾತ್ರಿ ಒಬ್ಬಳೇ ಮೇಟ್ರನ್, ಇನ್ನೊಬ್ಬಳು ಬೇಕು. ಮಗುವಿಗೆ ಹಾಲು.

ಮುಂದಿನ ವರ್ಷ ಬೇರೆ ಕೇಸಿಗೆ ಹೋದಾಗ ಪುಸ್ತಕ ತೆಗೆಸಿದೆ. ನನ್ನ ಷರಾದ ಕೆಳಗೆ ಕೆಂಪು ಶಾಯಿಯಲ್ಲಿ ಒಂದೇ ಪದ, ಒಂದು ಸಹಿ. 'ಪಾಹಿಲೆ.' ಮರಾಠಿಯಲ್ಲಿ ಅದರ ಅರ್ಥ, ನೋಡಲಾಗಿದೆ.

ಬಕೀಟು ಎರಡೇ ಇದ್ದವು.

*

ಲೆಕ್ಕ ಹೇಳಬೇಕಾದರೆ ಹೇಳುತ್ತೇನೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಕೈದಿಗಳಿದ್ದರು, ಅವರಲ್ಲಿ 23,772 ಹೆಂಗಸರು. ನೂರಕ್ಕೆ ನಾಲ್ಕು. 1,537 ತಾಯಂದಿರ ಜೊತೆ 1,764 ಮಕ್ಕಳು. ಹೆಂಗಸರಿಗೆಂದೇ ಇರುವ ಜೈಲುಗಳು ಕೆಲವೇ, ಮಹಾರಾಷ್ಟ್ರದಲ್ಲಿ ಅಂಥದ್ದು ಮುಂಬಯಿಯ ಬೈಕುಲಾದಲ್ಲಿದೆ. ಉಳಿದ ಕಡೆ ಹೆಚ್ಚಿನವರು ಇವತ್ತಿಗೂ ಗಂಡಸರ ಜೈಲಿನ ಆ ಒಳಗೋಡೆಯ ಹಿಂದೆಯೇ ಇದ್ದಾರೆ. ಬೇರೆ ಜೈಲು ಕಟ್ಟಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳುವವರಿಗೆ 2017ರ ಜೂನ್ ನೆನಪಿಸಬೇಕು. ಬೈಕುಲಾದಲ್ಲಿ, ಕೆಲವು ಮೊಟ್ಟೆ ಮತ್ತು ಪಾವಿನ ಲೆಕ್ಕ ತಪ್ಪಿದ ಜಗಳದಲ್ಲಿ ಒಬ್ಬ ಹೆಣ್ಣು ಕೈದಿ ಹೊಡೆತ ತಿಂದು ಸತ್ತಳು. ಬಂಧನಕ್ಕೊಳಗಾದ ಆರು ಸಿಬ್ಬಂದಿಯೂ ಹೆಂಗಸರೇ. ಹೊರಗೆ ಸುದ್ದಿ ಮುಟ್ಟಿದ್ದು ಉಳಿದ ಕೈದಿ ಹೆಂಗಸರು ಗದ್ದಲ ಎಬ್ಬಿಸಿದ್ದರಿಂದ. ಹೆಣ್ಣು ಕಾವಲು ಬೇಕು ನಿಜ, ಆದರೆ ಕಾವಲನ್ನು ಕಾಯುವವರೂ ಬೇಕು.

ಮಕ್ಕಳ ವಿಷಯದಲ್ಲಿ ಮಾತ್ರ ಕಾನೂನು ಕೊಂಚ ಕಣ್ಣು ತೆರೆದಿದೆ. 2006ರ ಏಪ್ರಿಲಿನಲ್ಲಿ ಆರ್.ಡಿ. ಉಪಾಧ್ಯಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ತಾಯಿಯ ಜೊತೆ ಇರುವ ಮಗುವನ್ನು ಕೈದಿಯಂತೆ ಕಾಣಕೂಡದು, ಆರು ವರ್ಷದವರೆಗೆ ತಾಯಿಯ ಬಳಿ ಬಿಡಬೇಕು, ಹೆರಿಗೆ ಆದಷ್ಟು ಹೊರಗಿನ ಆಸ್ಪತ್ರೆಯಲ್ಲಾಗಬೇಕು, ಜನನ ಪತ್ರದಲ್ಲಿ ಜೈಲಿನ ಹೆಸರು ಇರಕೂಡದು ಎಂದಿತು. 2024ರ ನವೆಂಬರಿನಲ್ಲಿ ನಮ್ಮ ನಾಗಪುರ ಪೀಠದ ನ್ಯಾಯಮೂರ್ತಿ ಊರ್ಮಿಳಾ ಜೋಶಿ–ಫಾಳ್ಕೆಯವರು, ಗೊಂದಿಯಾದಲ್ಲಿ ರೈಲಿನಲ್ಲಿ ಗಾಂಜಾದೊಡನೆ ಸಿಕ್ಕಿಬಿದ್ದ ಒಬ್ಬ ಬಸುರಿಗೆ ಆರು ತಿಂಗಳ ತಾತ್ಕಾಲಿಕ ಜಾಮೀನು ಕೊಟ್ಟರು. ಜೈಲಿನ ವಾತಾವರಣದಲ್ಲಿ ಹೆರುವುದು ತಾಯಿಗಷ್ಟೇ ಅಲ್ಲ, ಮಗುವಿಗೂ ಕೇಡು ಎಂಬುದು ಅವರ ಕಾರಣ. ಪತ್ರಿಕೆಯಲ್ಲಿ ಅದನ್ನು ಓದಿದ ದಿನ ನನಗೆ ಹುಣಸೆಬೀಜ ಎಣಿಸುತ್ತಿದ್ದ ಆ ಹುಡುಗಿ ಕಣ್ಣೆದುರು ಬಂದಳು. ಈಗ ಎಲ್ಲೋ ದೊಡ್ಡವಳಾಗಿರುತ್ತಾಳೆ. ಗಿಂತಿಯ ಆಟ ಮರೆತಿರಲಿ.

ಆ ಜಿಲ್ಲಾ ಜೈಲಿಗೆ ನಾನು ಮತ್ತೆ ಹೋದೆ, ಮತ್ತೂ ಹೋದೆ. ಎರಡನೆಯ ಸಲದಿಂದ ಒಂದು ರೂಢಿ ಮಾಡಿಕೊಂಡೆ. ಹೊಸ ಷರಾ ಬರೆಯುವ ಮೊದಲು ಹಳೆಯದನ್ನು ಸೂಪರಿಂಟೆಂಡೆಂಟರ ಎದುರು ಗಟ್ಟಿಯಾಗಿ ಓದುವುದು. 'ಪಾಹಿಲೆ' ಎಂಬುದನ್ನೂ ಸೇರಿಸಿ. ಮೂರನೆಯ ಸಲ ಓದಿದಾಗ ಅವರಿಗೆ ನಗು ಬಂತು. ನಾಲ್ಕನೆಯ ಸಲಕ್ಕೆ ಬ್ಯಾರಕ್ಕಿನ ಬಾಗಿಲಲ್ಲಿ ನಾಲ್ಕು ಬಕೀಟು ನಿಂತಿದ್ದವು, ನೀಲಿ ಬಣ್ಣದವು. ಎರಡನೆಯ ಮೇಟ್ರನ್ ಬರಲೇ ಇಲ್ಲ. ಹಾಲು ಬಂತು, ನಿಂತಿತು, ಮತ್ತೆ ಬಂತು. ತೀರ್ಪುಗಳ ಚರಿತ್ರೆ ಬರೆಯುವವರು ಬಕೀಟಿನ ಚರಿತ್ರೆ ಬರೆಯುವುದಿಲ್ಲ. ಆದರೆ ಮೇಲ್ವಿಚಾರಣೆ ಎಂದರೆ ನನಗೆ ತಿಳಿದಮಟ್ಟಿಗೆ ಇಷ್ಟೇ. ಒಮ್ಮೆ ಹೋಗಿ ನೋಡಿಬರುವುದನ್ನು ಗವರ್ನರರೂ ಮಾಡುತ್ತಾರೆ. ಹೋದ ಸಲ ಏನು ಬರೆದಿತ್ತೆಂದು ಕೇಳಲು ಮತ್ತೆ ಬರುವವರು ಬೇಕು.

ಎರಡು ವರ್ಷದ ಹಿಂದೆ ಮೊಣಕಾಲು ಕೈಕೊಟ್ಟಿತು, ಕೆಲಸ ಬಿಟ್ಟೆ. ನನ್ನ ಕಡತಗಳನ್ನು ಒಬ್ಬ ಮರಾಠಿ ಹುಡುಗಿಗೆ ಒಪ್ಪಿಸಿದೆ, ವರ್ಧಾದವಳು, ಚುರುಕು. ಈಗ ಅಡ್ಡಾಡಲು ಆಗುವುದಿಲ್ಲ, ವರ್ಧಾ ರಸ್ತೆಯ ಮೇಲೆ ಮೆಟ್ರೊದಲ್ಲಿ ಹೋಗುತ್ತೇನೆ. ಅಲ್ಲಿಂದ ಜೈಲಿನ ಮರಗಳ ತಲೆ ಕಾಣುತ್ತದೆ. ಮೊನ್ನೆ ಆ ಹುಡುಗಿ ಮೊದಲ ಜೈಲು ಭೇಟಿಗೆ ಹೊರಟಾಗ ಫೋನು ಮಾಡಿ, "ಬಾಯಿ, ಮೊದಲು ಏನು ಮಾಡಲಿ?" ಎಂದು ಕೇಳಿದಳು. ಅಜ್ಜಿಯಂತೆ ಏನಾದರೂ ದೊಡ್ಡದು ಹೇಳಬೇಕೆನಿಸಿತು. ಬಾಯಿಗೆ ಬಂದದ್ದು ಇಷ್ಟು:

"ಪುಸ್ತಕ ಕೊಟ್ಟಕೂಡಲೇ ಹೊಸ ಹಾಳೆ ತೆಗೆಯಬೇಡ ಮಗಾ. ಹಿಂದಿನದನ್ನು ಓದು. ಗಟ್ಟಿಯಾಗಿ ಓದು."